ಕಲ್ಲುಗಳ ಕೆಳಗೆ ಯಾರೂ ಇಲ್ಲ

ಅಥವಾ ನಾನೂ ಅತ್ತೆಯೂ ಆ ಚರ್ಚಿನ ತೋಟದೊಳಗೆ ಹೋದದ್ದು ಬಿಸಿಲಿಗೆ ಹೆದರಿ ಅಲ್ಲವೇನೋ. ಅವತ್ತು ಮಳೆ ಬಂದಿತ್ತು ಅನ್ನುತ್ತಾನೆ ನನ್ನ ಗಂಡ. ಅವನು ನಮ್ಮ ಜೊತೆ ಇರಲೇ ಇಲ್ಲ, ಒನ್-ನಾರ್ತ್ ಬಡಾವಣೆಯ ಆಫೀಸಿನಲ್ಲಿದ್ದ. ಆದರೂ ಸಂಜೆ ಮನೆಗೆ ಬಂದಾಗ ತನ್ನ ಅಮ್ಮನ ಸೀರೆಯ ಅಂಚು ಒದ್ದೆಯಾಗಿತ್ತು, ಆದ್ದರಿಂದ ಮಳೆ ಬಂದಿರಲೇಬೇಕು ಎಂದು ಹಟ ಹಿಡಿಯುತ್ತಾನೆ. ಸೀರೆ ಒದ್ದೆಯಾದದ್ದಕ್ಕೆ ಬೇರೆ ಕಾರಣವಿತ್ತು. ಅದನ್ನು ನಾವಿಬ್ಬರೂ ಅವನಿಗೆ ಹೇಳಲಿಲ್ಲ.

ಬಿಸಿಲು ಎಂದೇ ಇಟ್ಟುಕೊಳ್ಳೋಣ. ನನಗೆ ಏಳು ತಿಂಗಳು ತುಂಬಿತ್ತು. ಹಿಂದಿನ ವರ್ಷ ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಅದಕ್ಕೇ ಈ ಸಲ ಅತ್ತೆ ಮೈಸೂರಿನಿಂದ ಈ ದೇಶಕ್ಕೆ ಮುಂಚಿತವಾಗಿ ಬಂದಿಳಿದಿದ್ದರು, ಮೆಂತ್ಯ, ಓಮ, ಒಣಶುಂಠಿಯ ಪೊಟ್ಟಣಗಳ ಸಮೇತ. ಹೋದದ್ದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಕ್ಲೆಮೆಂಟಿಯ ನಮ್ಮ ಸಣ್ಣ ಫ್ಲ್ಯಾಟಿನಲ್ಲಿ ಆ ಮೌನವನ್ನು ದಾಟಿಕೊಂಡೇ ಅಡುಗೆಮನೆಗೆ ಹೋಗಬೇಕಿತ್ತು. ಅವರಿಗೆ ಊರು ತೋರಿಸುತ್ತೇನೆ ಎಂದು ನಾನು ಕರೆದುಕೊಂಡು ಹೊರಟದ್ದು, ಬಹುಶಃ ಮನೆಯಿಂದ ತಪ್ಪಿಸಿಕೊಳ್ಳಲು.

ಸಿಟಿ ಹಾಲ್ ಸ್ಟೇಷನ್ನಿನಲ್ಲಿ ಇಳಿದು ನಡೆಯುತ್ತಿದ್ದಾಗ ರಸ್ತೆ ಪಕ್ಕ ಒಂದು ಬಿಳೀ ಕಟ್ಟಡ, ದಪ್ಪ ಕಂಬಗಳು, ಮೇಲೊಂದು ಚೂಪು ಗೋಪುರ, ಸುತ್ತ ಹುಲ್ಲು, ಮರ. ಅದು ಆರ್ಮೇನಿಯನ್ನರ ಚರ್ಚು, ಈ ಊರಿನಲ್ಲಿ ಉಳಿದಿರುವ ಚರ್ಚುಗಳಲ್ಲೆಲ್ಲ ಹಳೆಯದು ಎಂದು ನನಗೆ ಆಗಲೇ ಗೊತ್ತಿತ್ತೋ, ಆಮೇಲೆ ಓದಿ ಆ ದಿನದೊಳಕ್ಕೆ ಸೇರಿಸಿಕೊಂಡೆನೋ. ಅತ್ತೆ ಗೋಪುರ ನೋಡಿ, “ನಮ್ಮ ಮೈಸೂರು ಚರ್ಚಿನ ಮುಂದೆ ಇದು ಮರಿ” ಅಂದರು. ಆದರೂ ನೆರಳು ಕಂಡದ್ದೇ ಒಳಗೆ ಹೊರಟರು. ಹಾಕರ್ ಸೆಂಟರಿನ ತಿಂಡಿ ಅಂಗಡಿಗಳಲ್ಲಿ ಏನನ್ನೂ ಮುಟ್ಟುವವರಲ್ಲ. ಬ್ಯಾಗಿನಲ್ಲಿ ಮೊಸರನ್ನದ ಡಬ್ಬಿ ಇತ್ತು.

ತೋಟದ ಒಂದು ಬದಿಯಲ್ಲಿ ಸಾಲಾಗಿ ಕಲ್ಲುಗಳು. ಕೆಲವು ಹುಲ್ಲಿನಲ್ಲಿ ಮಲಗಿದ್ದವು, ಕೆಲವು ನಿಂತಿದ್ದವು. ಕೆತ್ತನೆ ಎಲ್ಲ ಯಾವುದೋ ಗುರುತಿಲ್ಲದ ಲಿಪಿ, ಅಲ್ಲಲ್ಲಿ ಇಂಗ್ಲಿಷು.

“ದಾನಿಗಳು ಕಣೇ ಇವರೆಲ್ಲ,” ಅಂದರು ಅತ್ತೆ. “ನಮ್ಮ ಕಡೆ ಟ್ಯೂಬ್‌ಲೈಟಿನ ಮೇಲೂ ಹೆಸರು ಬರೆಸ್ಕೋತಾರೆ, ಬೆಳಕೇ ಕಾಣಲ್ಲ. ಇವರು ನೋಡು, ನೀಟಾಗಿ ಕಲ್ಲಲ್ಲಿ ಬರೆಸಿದಾರೆ.”

ಮೈಸೂರಿನ ಕಡೆಯ ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು. ದೇವಸ್ಥಾನದ ಅಂಗಳದಲ್ಲಿ ಅಕ್ಷರವಿರುವ ಕಲ್ಲೆಂದರೆ ಸೇವೆ ಮಾಡಿಸಿದವರದು, ಇಲ್ಲವೇ ಹಳೆಯ ಶಾಸನ. ನಾವು ಅಲ್ಲೇ ಒಂದು ಗಿಡ್ಡ ಕಟ್ಟೆಯ ಮೇಲೆ ಕೂತು ಮೊಸರನ್ನ ತಿಂದೆವು. ನಾನು ಒಂದು ಕಲ್ಲನ್ನು ಓದಿದೆ, ಎರಡು ಇಸವಿಗಳಿದ್ದವು. ಪಕ್ಕದ್ದರಲ್ಲೂ ಎರಡು. ಅದರ ಪಕ್ಕ ಒಂದು ಚಿಕ್ಕ ಕಲ್ಲು, ಎರಡೂ ಕಡೆ ಒಂದೇ ಇಸವಿ. ಅಥವಾ ಆ ಚಿಕ್ಕ ಕಲ್ಲನ್ನು ನಾನು ಆಮೇಲೆ ತಂದಿಟ್ಟೆ. ಅದು ಇತ್ತೆಂದು ಹೇಳುವಷ್ಟು ನನ್ನ ನೆನಪನ್ನು ನಾನು ನಂಬುವುದಿಲ್ಲ. ಇವು ಏನೆಂದು ತಿಳಿದ ಕ್ಷಣದಲ್ಲಿ ಡಬ್ಬಿಯ ಮುಚ್ಚಳ ಹಾಕಿದ್ದು ಮಾತ್ರ ನಿಜ.

ಹೇಳುವಷ್ಟರಲ್ಲಿ ಅತ್ತೆ ಎದ್ದಿದ್ದರು. ಕೈ ತೊಳೆದುಕೊಂಡು, ಎದುರಿನ ಕಲ್ಲನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, “ದೊಡ್ಡವರು, ಒಳ್ಳೇದು ಮಾಡಲಿ” ಅಂದು ಅದೇ ಕೈಯನ್ನು ನನ್ನ ಹೊಟ್ಟೆಯ ಮೇಲಿಟ್ಟರು.

ಬಸುರಿ ಸ್ಮಶಾನದ ಕಡೆ ತಿರುಗಿಯೂ ನೋಡಬಾರದು ಅನ್ನುವ ಮನೆ ನಮ್ಮದು. ಬೀದಿಯಲ್ಲಿ ಹೆಣ ಹೋದರೆ ಒಳಗೆಳೆದು ಕದ ಹಾಕುತ್ತಾರೆ. ಇದನ್ನೆಲ್ಲ ನಂಬುವುದಿಲ್ಲ ಎಂದು ಮದುವೆಗೆ ಮುಂಚೆಯೇ ಎಲ್ಲರಿಗೂ ಹೇಳಿ ಮುಗಿಸಿದವಳು ನಾನು. ಹೊಟ್ಟೆ ಆ ಕೈಯ ಕೆಳಗೆ ತಾನಾಗಿ ಹಿಂದಕ್ಕೆ ಸರಿಯಿತು.

ಆಗ ಚರ್ಚಿನ ಬಾಗಿಲಲ್ಲಿ ಕೂತಿದ್ದ ಹೆಂಗಸು ನಗುತ್ತಾ ಇಳಿದು ಬಂದರು. ವಯಸ್ಸಾಗಿತ್ತು. ಬಂದವರಿಗೆ ವಿವರ ಹೇಳುವುದು ಅವರ ಕೆಲಸವೆಂದು ಕಾಣುತ್ತದೆ. ಆರ್ಮೇನಿಯನ್ನರೋ ಅಲ್ಲವೋ ಕೇಳಲಿಲ್ಲ. ಸಮಾಧಿ ಕಲ್ಲುಗಳನ್ನು ನೋಡುತ್ತಿದ್ದೀರಾ, ಅಂದರು ಇಂಗ್ಲಿಷಿನಲ್ಲಿ.

“ಏನಂತೆ?” ಅತ್ತೆ ನನ್ನ ಮುಖ ನೋಡಿದರು. ನಾನು ಹೇಳಲೇಬೇಕಾಯಿತು.

ಅತ್ತೆ ಕಿರುಚಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಂಡರು, ಮತ್ತೆ ಮತ್ತೆ ಒರೆಸಿಕೊಂಡರು. “ಕೇಳು. ಕೆಳಗೆ ಯಾರಾದರೂ ಇದಾರಾ ಕೇಳು.”

ಕೇಳಿದೆ. ಆ ಹೆಂಗಸು ನನ್ನ ಹೊಟ್ಟೆ ನೋಡಿದರು, ಅತ್ತೆಯ ಕೈ ನೋಡಿದರು. ಇವು ಬೇರೆ ಸ್ಮಶಾನದಲ್ಲಿದ್ದವು, ಆ ಸ್ಮಶಾನ ಹೋಯಿತು, ಕಲ್ಲುಗಳನ್ನು ಮಾತ್ರ ಇಲ್ಲಿಗೆ ತಂದರು ಅಂದರು. ಇದು ಅವರು ಹೇಳಿದ್ದು. ನಾನು ಅತ್ತೆಗೆ ಹೇಳಿದ್ದು: “ಕೆಳಗೆ ಯಾರೂ ಇಲ್ಲವಂತೆ ಅತ್ತೆ, ಬರೀ ಮಣ್ಣು.”

“ನಿಜವಾಗ್ಲೂ?”

“ನಿಜವಾಗ್ಲೂ.”

ಅತ್ತೆಯ ಉಸಿರು ಕೆಳಗಿಳಿದ ಮೇಲೆ ಆ ಹೆಂಗಸು ನಮ್ಮನ್ನು ಒಳಗೆ ಕರೆದುಕೊಂಡು ಹೋಗಿ ಬೆತ್ತದ ಬೆಂಚಿನಲ್ಲಿ ಕೂರಿಸಿ ಆರ್ಮೇನಿಯನ್ನರ ಕಥೆ ಹೇಳಿದರು. ಪರ್ಷಿಯಾದ ಕಡೆಯಿಂದ ಹೊರಟ ವರ್ತಕರು, ಕಲ್ಕತ್ತ, ಮದ್ರಾಸು ಹಾದು ಇಲ್ಲಿಗೆ ಬಂದವರು. ಬೆರಳೆಣಿಕೆಯ ಮನೆಗಳು ಸೇರಿ ಇದನ್ನು ಕಟ್ಟಿಸಿದರು. ಬರುಬರುತ್ತಾ ಮಕ್ಕಳು ಬೇರೆ ದೇಶಗಳಿಗೆ ಹೋದರು, ಇಲ್ಲಿಯವರನ್ನೇ ಮದುವೆಯಾಗಿ ಬೆರೆತರು. ಈಗ ಇಲ್ಲೇ ಇರುವ ಪಾದ್ರಿಯಿಲ್ಲ, ಹೊರಗಿನಿಂದ ಬಂದಾಗ ಪೂಜೆ. ನಾನು ಅನುವಾದಿಸುತ್ತಾ ಹೋದೆ. ಅತ್ತೆ ಮದ್ರಾಸಿನಲ್ಲಿ ತಡೆದರು.

“ಮದ್ರಾಸಾ? ಹಾಗಾದ್ರೆ ಫಿಲ್ಟರ್ ಕಾಫಿ ಕುಡಿದವರೇ ಬಿಡು,” ಅಂದು ಕಂಬದ ಕಡೆ ನೋಡಿ ನಕ್ಕರು. ಆಮೇಲೆ ತಗ್ಗಿದ ದನಿಯಲ್ಲಿ, “ಪೂಜೆ ಇಲ್ಲದೆ ಇಷ್ಟು ಚೆನ್ನಾಗಿ ಇಟ್ಟಿದಾರಲ್ಲೇ. ಜನ ಹೋದ್ರೂ ಹೆಸರು ಬಿಸಾಕಲಿಲ್ಲ” ಅಂದರು.

ಇದು ನಮ್ಮ ಆ ಇನ್ನೊಂದರ ಬಗ್ಗೆ ಅವರು ಆಡಿದ ಮೊದಲ ಮಾತೇ? ಅದಕ್ಕೆ ನಾವು ಹೆಸರೂ ಇಟ್ಟಿರಲಿಲ್ಲ. ಹಾಗೆ ಓದಿಕೊಳ್ಳುವುದು ನನ್ನ ಚಟವಿರಬಹುದು. ಅವರು ಬರೀ ಚರ್ಚಿನ ಬಗ್ಗೆಯೇ ಹೇಳಿರಬಹುದು.

ಮನೆ ಮುಟ್ಟುವವರೆಗೂ ಅವರ ತಲೆಯಲ್ಲಿ ವಾದ ನಡೆದೇ ಇತ್ತು. ಲಿಫ್ಟಿನಲ್ಲಿ ತೀರ್ಪು ಬಂತು: “ಯಾರೂ ಇಲ್ಲ ಅಂದಮೇಲೆ ಸ್ಮಶಾನ ಅಲ್ಲ. ಆದ್ರೂ ಕಲ್ಲು ಕಲ್ಲೇ. ತಲೆಗೆ ನೀರು ಬೇಡ, ಕಾಲು ತೊಳ್ಕೊಂಡು ಒಳಗೆ ಬಾ.” ಕಾರಿಡಾರಿನಲ್ಲಿ ನಿಲ್ಲಿಸಿ ಚೊಂಬು ಚೊಂಬು ನೀರು ಹುಯ್ದರು, ತಮ್ಮ ಕಾಲಿಗೂ, ಸೀರೆಗೂ. ಪಕ್ಕದ ಫ್ಲ್ಯಾಟಿನ ಆಂಟಿ ಇಣುಕಿ ಪೈಪ್ ಒಡೆದಿದೆಯಾ ಎಂದು ವಿಚಾರಿಸಿದರು. ಅತ್ತೆ ಗಂಭೀರವಾಗಿ “ಯೆಸ್, ಪೈಪ್” ಅಂದರು. ನನ್ನ ಕಡೆ ತಿರುಗಿ, “ಅವನಿಗೆ ಹೇಳ್ಬೇಡ, ಸುಮ್ನೆ ಹೆದರ್ಕೋತಾನೆ.”

ಅಲ್ಲಿಂದ ಹೆರಿಗೆಯವರೆಗೆ, ಹೊಟ್ಟೆಯಲ್ಲಿ ಅದು ಸ್ವಲ್ಪ ಹೊತ್ತು ಮಿಸುಕದಿದ್ದರೂ ನಾನು ಆ ಚಿಕ್ಕ ಕಲ್ಲನ್ನು ನೆನಪಿಗೆ ತರುತ್ತಿದ್ದೆ. ಮತ್ತೆ “ಯಾರೂ ಇಲ್ಲ” ಅನ್ನುತ್ತಿದ್ದೆ. ಅದು ಒದೆಯುತ್ತಿತ್ತು.

ಮಗಳು ಹುಟ್ಟಿದಳು. ಅವಳಿಗೆ ಮಾತು ಬಂದು, ಇಲ್ಲಿಯವರಂತೆ ಪ್ರತಿ ವಾಕ್ಯದ ಕೊನೆಗೆ ‘ಲಾ’ ಅಂಟಿಸುವಷ್ಟು ದೊಡ್ಡವಳಾದ ಮೇಲೆ ಒಮ್ಮೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಚಿಕ್ಕ ಕಲ್ಲು ಹುಡುಕಿದೆ, ಸಿಗಲಿಲ್ಲ. ಸರಿಯಾಗಿ ಹುಡುಕಿದೆ ಎಂದೂ ಹೇಳಲಾರೆ, ಅವಳು ಕೈ ಎಳೆಯುತ್ತಿದ್ದಳು. ಬಾಗಿಲಲ್ಲಿ ಈಗ ಬೇರೆಯವರು, ಕಿರಿಯರು. ಕಲ್ಲುಗಳ ಜೊತೆ ಮೂಳೆಗಳೇನಾದರೂ ಬಂದಿದ್ದವಾ ಎಂದು ಕೇಳಿದೆ. ತಮಗೆ ಖಚಿತವಿಲ್ಲ, ವಿಚಾರಿಸಿ ಹೇಳಬೇಕು ಅಂದರು. ವಿಚಾರಿಸಿ ಎಂದು ನಾನು ಹೇಳಲಿಲ್ಲ.

ಆ ವಯಸ್ಸಾದ ಹೆಂಗಸು ‘ಕಲ್ಲುಗಳನ್ನು ಮಾತ್ರ’ ಅಂದದ್ದು ಗೊತ್ತಿದ್ದೋ, ನನ್ನ ಹೊಟ್ಟೆ ನೋಡಿಯೋ, ನನಗೆ ತಿಳಿಯದು. ಅವರು ‘ಮಾತ್ರ’ ಎಂಬ ಮಾತು ಆಡಿದ್ದರೇ ಎಂಬುದೂ ಈಗ ತಿಳಿಯದು. ಆ ಕಲ್ಲುಗಳ ಕೆಳಗೆ ಏನಿದೆ ಎಂದು ನನಗೆ ಗೊತ್ತಿಲ್ಲ.