ಮಗಳು ಮೊದಲು ದೊಡ್ಡವ್ವನನ್ನು ಕರೆದಳು

ಹೆಸರು ಹಿಡಿದು ಕರೆದರೆ ಮಗಳು ತಿರುಗುತ್ತಿರಲಿಲ್ಲ.

ಮಾನ್ವಿಯಲ್ಲಿ ನಮ್ಮ ಮನೆ ರೈಸ್ ಮಿಲ್ಲಿಗೆ ಅಂಟಿಕೊಂಡೇ ಇದೆ. ಮಷೀನು ಶುರುವಾದರೆ ಪಕ್ಕದವರ ಮಾತೂ ಕೇಳಿಸದು. ನೀರು ಬೇಕೆಂದರೆ ಹೆಬ್ಬೆರಳು ಬಾಯಿಗೆ, ಊಟಕ್ಕೆ ಐದೂ ಬೆರಳು. ಎರಡು ವರ್ಷ ದಾಟಿದ ಗೌರಿ ಎಲ್ಲವನ್ನೂ ಕೈಸನ್ನೆಯಲ್ಲೇ ಕೇಳುತ್ತಿದ್ದಳು. ಜಾಣೆ ಎಂದು ಹಿಗ್ಗಿದೆವು. ಮಾತೇ ಬಂದಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ರಾಯಚೂರಿನಲ್ಲಿ ಹಿಯರಿಂಗ್ ಟೆಸ್ಟ್ ನಾರ್ಮಲ್ ಬಂತು. ಸ್ಪೀಚ್ ಡಿಲೇ, ಮಾತು ತಡ ಎಂದರು.

"ಮಿಲ್ಲಿನ ಸಪ್ಪಳದಿಂದ ದೂರ ಕೂಡ್ರಿ. ಫೋನ್ ಬಾಜೂಕ ಇಡ್ರಿ," ಎಂದರು ಡಾಕ್ಟರು. "ಆಕಿ ಏನ್ ನೋಡ್ತಾಳ, ನೀವೂ ಅದನ್ನ ನೋಡ್ರಿ. ಒಂದ್ ಮಾತು ಅಂದು ಸುಮ್ಮನಿರ್ರಿ."

"ಇಡೀ ದಿನ ಆಕಿ ಜೋಡಿನೇ ಇರ್ತೀನ್ರೀ."

"ಇರ್ತೀರಿ. ನೋಡ್ತೀರೇನು?"



ಮಗಳನ್ನು ಕಟ್ಟಿಕೊಂಡು ಬಾಗಲವಾಡದ ಹೊಲದ ಮನೆಗೆ ಹೋದೆ. ಅಲ್ಲಿರುವುದು ನನ್ನ ಗಂಡನ ಅಣ್ಣನ ಹೆಂಡತಿ ಶರಣಮ್ಮಕ್ಕ. ಆಕೆ ಬಾಯಿ ತೆರೆಯುವಷ್ಟರಲ್ಲಿ ಚಹಾ ಆರಿಹೋಗುತ್ತದೆ ಎಂದು ನಾನೇ ನಗೆಯಾಡುತ್ತಿದ್ದೆ. ಗೌರಿ ಕೋಳಿಮರಿ ನೋಡಿದರೆ ಆಕೆಯೂ ಮೊರ ಕೆಳಗಿಟ್ಟು ಕೋಳಿಮರಿಯನ್ನೇ ನೋಡುವಳು. "ಮರಿ" ಎನ್ನುವಳು. ಆಮೇಲೆ ಗಪ್‌ಚುಪ್. ನನಗೆ ತಡೆಯದೆ, "ಮರಿ ಅನ್ನು, ಅನ್ನು ಬೇ!" ಎಂದು ನಡುವೆ ಬಾಯಿ ಹಾಕುವೆ. ಮಗಳು ದೊಡ್ಡವ್ವನ ಸೆರಗು ಸೇರುವಳು.

ಹೆತ್ತವಳು ನಾನು. ಆಸ್ಪತ್ರೆಗೆ ಅಲೆದವಳು ನಾನು. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿಯುತ್ತಿತ್ತು.

ಗೌರಿಯ ಮೊದಲ ಮಾತು "ದೊಡ್ಡವ್ವ."

ಎಲ್ಲರ ಜೊತೆ ನಾನೂ ನಕ್ಕೆ. ಬಚ್ಚಲಿಗೆ ಹೋಗಿ ಅತ್ತೆ. ಖುಷಿ ಅರ್ಧ, ಸಿಟ್ಟು ಅರ್ಧ. ಹೊರಗೆ ಬಂದರೆ ಅಕ್ಕ ನಿಂತಿದ್ದಳು.

"ಬಾ, ಆಕಿ ಬಾಜೂಕ ಕೂಡು," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಮಾತಾಡಬ್ಯಾಡ."

ನನ್ನ ಮಗಳ ವಿಷಯದಲ್ಲಿ ನನಗೇ ಪಾಠ! ಆದರೂ ಕೂತೆ. ಗೌರಿ ಇರುವೆ ನೋಡಿದರೆ ನಾನೂ ಇರುವೆ, ಹಗ್ಗ ನೋಡಿದರೆ ಹಗ್ಗ. ನಾಲಿಗೆ ತುರಿಸುತ್ತಿತ್ತು, ಹಲ್ಲು ಕಚ್ಚಿಕೊಂಡಿದ್ದೆ. ಅವಳು ಒಂದು ಮಾತನ್ನು ತುಟಿಯವರೆಗೆ ತರುವಷ್ಟರಲ್ಲಿ ನಾನು ಹತ್ತು ಮಾತು ಸುರಿದುಬಿಡುತ್ತಿದ್ದೆ ಎಂಬುದು, ಹಾಗೆ ದಿನಗಟ್ಟಲೆ ಸುಮ್ಮನೆ ಕೂತ ಮೇಲೆ ನಿಧಾನಕ್ಕೆ ತಲೆಗೆ ಹೋಯಿತು.

ರಾಯಚೂರಿನಲ್ಲಿ ಮಾತಿನ ಥೆರಪಿ ಇನ್ನೂ ನಡೆದಿದೆ. ಬಂದಿರುವ ಮಾತು ಬೆರಳೆಣಿಕೆಯಷ್ಟು. ಮುಂದಿನದಕ್ಕೆ ಡಾಕ್ಟರೂ ಗ್ಯಾರಂಟಿ ಕೊಟ್ಟಿಲ್ಲ. ಅಕ್ಕನ ಉಪಕಾರ ದೊಡ್ಡದು, ಒಪ್ಪುತ್ತೇನೆ.

ಮೊನ್ನೆ ಗೌರಿ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಅವ್ವಾ" ಎಂದಳು. ಸ್ಪಷ್ಟವಾಗಿಯೇ ಕೇಳಿಸಿತ್ತು. ಆದರೂ ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕನ ಕಿವಿಗೂ ಬೀಳಲಿ ಎಂದು ಜೋರಾಗಿ ಕೇಳಿದೆ:

"ಏನಂದಿ? ಇನ್ನೊಮ್ಮೆ ಅನ್ನು!"