ಬಹುಶಃ ಡಾಕ್ಟರು

ದವಡೆಯಿಂದ ಕೊಯ್ದು ತಂದ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದು ಗಡ್ಡೆಯೋ ಅಲ್ಲವೋ ಎಂದು ಹೇಳುವುದು ಅವರ ಕೆಲಸ. ಹೇಳದಿರುವುದು ಅವರ ಸ್ವಭಾವ. ಅದಕ್ಕೇ ಆಸ್ಪತ್ರೆಯವರೆಲ್ಲ ಅವರನ್ನು ಬಹುಶಃ ಡಾಕ್ಟರು ಎನ್ನುತ್ತಾರೆ. ಹೊರಗೆ ಧೋ ಎಂದು ಸುರಿಯುತ್ತಿದ್ದರೂ "ಮಳೆಗೆ ಹೊಂದುವ ಲಕ್ಷಣಗಳಿವೆ" ಎಂದು ಕೊಡೆ ಬಿಚ್ಚುತ್ತಾರೆ. ಅಡುಗೆಗೆ ಉಪ್ಪು ಸಾಕಾ ಎಂದು ಹೆಂಡತಿ ಕೇಳಿದರೆ, "ಸಾಲದು ಅನ್ನೋಕೆ ಪುರಾವೆ ಇಲ್ಲ ಕಣೆ." ಆಸ್ಪತ್ರೆಯಲ್ಲಿ ಮಾಸ್ಕ್ ತೆಗೆಯುವುದೇ ಇಲ್ಲ, ಗಾಳಿಯ ಮೇಲೂ ಅನುಮಾನವಿರಬೇಕು. "ಖಂಡಿತ ಅನ್ನೋ ಪದಕ್ಕೆ ಕತ್ತರಿಸಿದ್ದು ಅಂತಲೂ ಅರ್ಥ ಇದೆ, ಹುಷಾರು" ಎಂಬುದು ಅವರ ಮಾಮೂಲಿ ಜೋಕು. ಆಪರೇಷನ್ ಮಾಡುವ ಡಾಕ್ಟರಮ್ಮ ಮಾತ್ರ ಬಾಗಿಲಲ್ಲಿ ನಿಂತು ಹಲ್ಲು ಕಡಿಯುತ್ತಾಳೆ. "ಸರ್, ದವಡೆ ತೆಗೀಲಾ, ಬಿಡ್ಲಾ?" "ಪ್ರೋಟೀನು ಏನನ್ನುತ್ತೋ ಕೇಳೋಣಮ್ಮ." ಚೂರಿಗೆ ಬಣ್ಣ ಹಾಕಿದಾಗ ಆ ಪ್ರೋಟೀನು ಇದ್ದಲ್ಲಿ ಕಂದು ಏಳಬೇಕು, ಎದ್ದರೆ ಗಡ್ಡೆ, ಏಳದಿದ್ದರೆ ಬರೀ ನೀರುಗುಳ್ಳೆ. ಎದ್ದರೂ ಅವರಿಗೆ ಸಾಲದು, ಇನ್ನೊಂದು ಪ್ರೋಟೀನು ಬಂದು ಸಾಕ್ಷಿ ಹೇಳಬೇಕು. ನಿನ್ನೆ ಡಾಕ್ಟರಮ್ಮ ರೇಗಿಯೇಬಿಟ್ಟಳು: "ನಿಮ್ಮದೇ ದವಡೆ ಆಗಿದ್ರೆ ಹೀಗೆ ಕೂತಿರ್ತಿದ್ರಾ?" ಅವರು ಮೆಲ್ಲಗೆ ಮಾಸ್ಕ್ ಇಳಿಸಿದರು. ಎಡಗೆನ್ನೆ ಒಳಕ್ಕೆ ಕುಸಿದಿತ್ತು. ಅದರಡಿ ಮೂಳೆಯೇ ಇರಲಿಲ್ಲ. "ಚಿಕ್ಕವನಿದ್ದಾಗ ಇದೇ ಆಸ್ಪತ್ರೇಲಿ ಒಬ್ಬರು ನೋಡಿದ ಕೂಡಲೇ ಗಡ್ಡೆ ಅಂದ್ರು, ದವಡೆ ತೆಗೆದ್ರು. ಇಲ್ಲಿ ಕೆಲಸಕ್ಕೆ ಬಂದ್ಮೇಲೆ ಆ ಹಳೇ ಚೂರು ಹುಡುಕಿ ನಾನೇ ಬಣ್ಣ ಹಾಕ್ದೆ. ಕಂದು ಏಳ್ಲೇ ಇಲ್ಲಮ್ಮ. ನೀರುಗುಳ್ಳೆ." "ಬಹುಶಃ ಬಣ್ಣವೇ ಸರಿಯಾಗಿ..." ಎಂದು ಡಾಕ್ಟರಮ್ಮ ತೊದಲಿದಳು. "ಖಂಡಿತ" ಎಂದು ಕುಸಿದ ಕೆನ್ನೆ ಮುಟ್ಟಿಕೊಂಡರು ಬಹುಶಃ ಡಾಕ್ಟರು.