ಯಜಮಾನರ ಕಾಪಿ

ಕೊಳ್ಳೇಗಾಲದ ಕ್ಯಾಮೆರಾ ಅಂಗಡಿಯವನು ಲೆನ್ಸಿನ ಮುಂದೆ ಬಳೆಯಂಥ ಕಪ್ಪು ಗಾಜು ಸಿಕ್ಕಿಸಿ, ಒಂದಿಷ್ಟು ಪಕ್ಕಕ್ಕೆ ನಿಂತು ತಿರುಗಿಸಿದ. ನಮ್ಮ ಯಜಮಾನರ ಫೋಟೊದ ಮೇಲಿದ್ದ ಟ್ಯೂಬ್‌ಲೈಟಿನ ಹೊಳಪು ಹೋಗಿ, ಕ್ಯಾಮೆರಾದಲ್ಲಿ ಅವರ ಮುಖ ಪೂರ್ತಿ ಕಂಡಿತು.

ತೀರಿಹೋದ ಅವರದು ಇರುವುದು ಇದೊಂದೇ ಫೋಟೊ. ಅದೂ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದೆ. ಕಿತ್ತರೆ ಮುಖವೇ ಕಿತ್ತುಬರುತ್ತದೆ. ಮದುವೆ ಫೋಟೊ ತೆಗೆಯುವ ಮೊಮ್ಮಗಳು, "ತಾತನ್ ಕಾಪಿ ತೆಗಿಯಕ್ಕೆ ಫಿಲ್ಟರ್ ಬೇಕು ಕಣಜ್ಜಿ" ಎಂದಿದ್ದಳು.

"ಸತ್ತೋರ್ಗೆ ಕಾಪಿ ಯಾಕಮ್ಮಿ?" ಎಂದು ಬೈದಿದ್ದೆ. ಅದು ಕುಡಿಯುವ ಕಾಪಿಯಲ್ಲ ಎಂದು ಆಮೇಲೆ ಅರ್ಥವಾಗಿ, ಫೋಟೊವನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಅವಳ ಜೊತೆ ಹನೂರಿನಲ್ಲಿ ಬಸ್ ಹತ್ತಿದೆ.

ಅಂಗಡಿಯಲ್ಲಿ ಅವಳು ಬಿಳಿ ಗಾಜಿನ ಫಿಲ್ಟರ್ ಕೇಳಿದಳು. ಅವನು ಕೊಡದೆ, ಯಾತಕ್ಕೆ ಎಂದು ವಿಚಾರಿಸಿದ. ನಾನು ಸೀರೆ ಬಿಚ್ಚಿ ತೋರಿಸಿದೆ.

"ನೀ ಕೇಳಿದ್ದು ಬರೀ ಧೂಳು ತಡೀತದೆ ಕಣವ್ವ. ನಿಮ್ ತಾತಂಗೆ ಈ ತಿರುಗೋದೇ ಬೇಕು" ಎಂದು ಆ ಕಪ್ಪು ಗಾಜು ತೆಗೆದು ಲೆನ್ಸಿಗೆ ಸಿಕ್ಕಿಸಿದ.

"ಬೆಳಕ್ನೂ ಸೋಸ್ತಿಯಲ್ಲೋ ಮಗ!" ಎಂದೆ.

ಕೇಳಿದ್ದನ್ನೇ ಕೊಟ್ಟು ಕಳಿಸದ ಅವನ ಹೊಟ್ಟೆ ತಣ್ಣಗಿರಲಿ. ಆ ಕಾಪಿ ಈಗ ನನ್ನ ಎಲೆಅಡಿಕೆ ಚೀಲದಲ್ಲಿದೆ. ಬದುಕಿದ್ದಾಗ ನನ್ನ ಜೊತೆ ಸಂತೆಗೂ ಬಾರದ ಮನುಷ್ಯ, ಈಗ ಹೋದಲ್ಲೆಲ್ಲ ಬರುತ್ತಾರೆ.